ಹಕ್ಕುಪತ್ರ: ಕಬ್ಜಾ ಇದ್ದರೆ ಸಾಕಾ?

ಕಲಬುರಗಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಮನೆ ಬಗ್ಗೆ ಮಾತು ತೆಗೆದರೆ ಒಂದು ಮಾತು ಕೇಳಿಬರುತ್ತದೆ: "ಕಬ್ಜಾ ನಮ್ದೇ ಅದ್ರೀ, ಕಾಗದ ಇಲ್ಲ." ಈ ಒಂದು ಸಾಲು ಅರ್ಥವಾದರೆ ಹಕ್ಕುಪತ್ರ ಎಂದರೇನು ಎಂಬುದು ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಕಬ್ಜಾ ಅಂದರೆ ಜಾಗ ನಮ್ಮ ಕೈಯಲ್ಲಿದೆ, ನಾವು ಅಲ್ಲಿ ಬದುಕುತ್ತಿದ್ದೇವೆ ಎಂದು. ಹಕ್ಕು ಅಂದರೆ ಅದು ನಮ್ಮದೇ ಎಂದು ಸರ್ಕಾರ ಒಪ್ಪಿಕೊಂಡಿದೆ ಎಂದು. ಹಾಗೆ ಒಪ್ಪಿ ಕೊಡುವ ಕಾಗದವೇ ಹಕ್ಕುಪತ್ರ. ಮೂರು ತಲೆಮಾರು ಒಂದೇ ಜಾಗದಲ್ಲಿ ಒಲೆ ಹಚ್ಚಿದರೂ ಕಬ್ಜಾ ತಾನಾಗಿ ಹಕ್ಕು ಆಗುವುದಿಲ್ಲ. ಹಕ್ಕು ಅರಬ್ಬಿಯಿಂದ ಬಂದ ಮಾತು, ಪತ್ರ ಸಂಸ್ಕೃತದ್ದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕಬ್ಜಾ, ಪಟ್ಟಾ, ಇನಾಮು ಎಂಬ ಜಮೀನಿನ ಮಾತುಗಳೆಲ್ಲ ಇವತ್ತಿಗೂ ಮನೆಮಾತು.

ತಾಂಡಾಗಳ ತೊಂದರೆ ಶುರುವಾಗುವುದು ನಕ್ಷೆಯಲ್ಲಿ. ಎಷ್ಟೋ ತಾಂಡಾಗಳು ಯಾರದೋ ಖಾಸಗಿ ಜಮೀನಿನಲ್ಲೋ ಸರ್ಕಾರಿ ಜಾಗದಲ್ಲೋ ಬೆಳೆದವು. ಕಂದಾಯ ದಾಖಲೆಯಲ್ಲಿ ಅಲ್ಲಿ ಊರೇ ಇರಲಿಲ್ಲ, ಬರೀ ಹೊಲದ ಸರ್ವೆ ನಂಬರು. ಇಂಥವನ್ನು 'ದಾಖಲೆ ಇಲ್ಲದ ಜನವಸತಿ' ಎನ್ನುತ್ತಾರೆ. ಗೊಲ್ಲರಹಟ್ಟಿ, ವಡ್ಡರಹಟ್ಟಿ, ಹಾಡಿ, ದೊಡ್ಡಿಗಳ ಕಥೆಯೂ ಇದೇ. 1974ರ ಭೂ ಸುಧಾರಣೆ 'ಉಳುವವನೇ ಹೊಲದೊಡೆಯ' ಎಂದಿತು. ಆದರೆ ಉಳುವವನ ಗುಡಿಸಲಿನ ಕೆಳಗಿನ ನೆಲ ಯಾರದು? ಅದಕ್ಕೆ ಉತ್ತರ ಬರಲು ನಾಲ್ಕು ದಶಕ ಬೇಕಾಯಿತು. ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು, 2017ರ ಹೊತ್ತಿಗೆ 'ವಾಸಿಸುವವನೇ ಮನೆಯೊಡೆಯ' ಎಂಬ ಮಾತು ಕೇಳತೊಡಗಿತು. 2023ರ ಜನವರಿ 19ರಂದು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ಸುಮಾರು 50 ಸಾವಿರ ಕುಟುಂಬಗಳಿಗೆ ಪ್ರಧಾನಿ ಹಕ್ಕುಪತ್ರ ಹಂಚಿದರು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 1,475 ವಸತಿಗಳು ಕಂದಾಯ ಗ್ರಾಮಗಳಾದವು, ಅಂದರೆ ಸರ್ಕಾರದ ದಾಖಲೆಯಲ್ಲಿ ಊರುಗಳಾದವು.

ಒಂದು ಕಾಗದಕ್ಕೆ ಇಷ್ಟು ದೊಡ್ಡ ಸಮಾರಂಭ ಯಾಕೆ ಅಂತೀರಾ? ಬಡವರ ಮನೆ ಯೋಜನೆಗಳು ಬಹುತೇಕ ಈ ಕಾಗದದ ಮೇಲೆಯೇ ನಿಂತಿವೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನ ಇದೆ. ಆದರೆ ಅದು ಮನೆ ಕಟ್ಟಲು ಕೊಡುವ ದುಡ್ಡು. ನೆಲ ನಿಮ್ಮದು ಎಂದು ತೋರಿಸಲು ಆಗದಿದ್ದರೆ ಹೆಸರು ಪಟ್ಟಿಯಲ್ಲಿದ್ದೂ ಕೈಗೆ ಏನೂ ಬರುವುದಿಲ್ಲ. ತೀರಾ ಬಡವರಿಗೇ ಮೊದಲು ಮನೆ ಎನ್ನುವ ಯೋಜನೆ, ಸೈಟು ಇಲ್ಲದ ತೀರಾ ಬಡವರ ಬಾಗಿಲಲ್ಲೇ ನಿಂತುಬಿಡುತ್ತದೆ. ನನಗೆ ಇದು ತುಂಬ ಸಂಕಟದ ವಿಷಯ.

ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42 ಡಿಗ್ರಿ ದಾಟುತ್ತದೆ. ತಗಡಿನ ಪತ್ರಾಸ್ ಶೆಡ್ಡಿನಲ್ಲಿ ಮಧ್ಯಾಹ್ನ ಕೂಸು ಮಲಗಲಾರದು, ಬಾಣಂತಿ ಮಲಗಲಾರಳು. ಹಾಗಾದರೆ ಗಟ್ಟಿ ಮನೆ ಯಾಕೆ ಕಟ್ಟಲಿಲ್ಲ? ನಾಳೆ ಎಬ್ಬಿಸಿಬಿಟ್ಟರೆ ಎಂಬ ಹೆದರಿಕೆ. ಪರರ ನೆಲದ ಮೇಲೆ ಯಾರು ಶಹಾಬಾದ್ ಕಲ್ಲು ಹಾಸುತ್ತಾರೆ ಹೇಳಿ? ಚಿಂಚೋಳಿ ಕಡೆ ಒಬ್ಬ ಅಜ್ಜಿ ನನಗೆ ತನ್ನ ಹಕ್ಕುಪತ್ರ ತೋರಿಸಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದಳು. ಅವಳಿಗೆ ಓದಲು ಬರುವುದಿಲ್ಲ. "ಈಗ ನಮಗ ಯಾರೂ ಎಬ್ಬಸಂಗಿಲ್ಲಪ್ಪ" ಅಂದಳು. ಅಷ್ಟು ವರ್ಷ ಆ ಹೆದರಿಕೆಯಲ್ಲೇ ಮಲಗಿ ಎದ್ದಿದ್ದಳು, ಅಲ್ವಾ?

ಆದರೆ ಹಕ್ಕುಪತ್ರ ಟ್ರಂಕಿನಲ್ಲಿದ್ದರೆ ಸಾಲದು. ಪಂಚಾಯಿತಿ ಪುಸ್ತಕದಲ್ಲಿ ಹೆಸರು ಏರಬೇಕು, ಪಂಚಾಯಿತಿ ಆಸ್ತಿಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಇ-ಸ್ವತ್ತಿನಲ್ಲಿ ದಾಖಲೆ ಆಗಬೇಕು. ಹೆಸರಿನ ಅಕ್ಷರ ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ, ಅಳತೆ ಸರಿಯಿದೆಯಾ ನೋಡಿಕೊಳ್ಳಿ. ಸಾಧ್ಯವಾದರೆ ಹೆಂಡತಿಯ ಹೆಸರೂ ಇರಲಿ. ಗಂಡ ತೀರಿಕೊಂಡ ಮೇಲೆ ಅಲೆದಾಡುವವಳು ಅವಳೇ.

ಇನ್ನು ನಿಯಮಗಳ ಮಾತು. ಸಹಾಯಧನ ಕಂತು ಕಂತಾಗಿ ಬರುತ್ತದೆ. ಪಾಯ ಆಯಿತು, ಫೋಟೋ ತೆಗೆಯಬೇಕು. ಗೋಡೆ ಎದ್ದಿತು, ಮತ್ತೆ ಫೋಟೋ. ದುಡ್ಡು ಬೇರೆ ಕಡೆ ಹೋಗಬಾರದು ಎಂಬ ಕಾಳಜಿ ಸರಿಯೇ. ಆದರೆ ಇಲ್ಲಿನ ಜನ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರು. ಕೂಲಿಗೆ ಹೋದರೆ ಗೋಡೆ ಏಳುವುದಿಲ್ಲ, ಗೋಡೆ ಏಳದಿದ್ದರೆ ಕಂತು ಇಲ್ಲ, ಕಂತು ಇಲ್ಲದೆ ಊರಲ್ಲಿ ಕೂತರೆ ಊಟ ಇಲ್ಲ. ರೇಷನ್ ವಿಷಯದಲ್ಲಿ ದಾರಿಯೊಂದು ಸಿಕ್ಕಿದೆ: 'ಒಂದು ದೇಶ ಒಂದು ಪಡಿತರ ಚೀಟಿ' ಬಂದ ಮೇಲೆ ಮುಂಬಯಿಯಲ್ಲಿದ್ದರೂ ಅಲ್ಲಿನ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಹೋದ ಕಡೆಗೆ ಧಾನ್ಯ ಹೋಗಬಹುದಾದರೆ, ಮನೆಯ ಕಂತಿಗೂ ಒಂದಿಷ್ಟು ಜಾಸ್ತಿ ಸಮಯ ಕೊಡಬಹುದು.

ಗುಳೆ ಹೋದವರು ಹೋಳಿಗೆ, ದೀಪಾವಳಿಗೆ ಊರಿಗೆ ಬರುತ್ತಾರೆ. ಆ ವಾರ ತಾಂಡಾದಲ್ಲಿ ಮನೆಮಂದಿಯೆಲ್ಲ ಇರುತ್ತಾರೆ. ಇ-ಸ್ವತ್ತಿನ ಕೆಲಸ, ಪಿಂಚಣಿ ಅರ್ಜಿ, ಮನೆ ಫೋಟೋ ಎಲ್ಲಕ್ಕೂ ಪಂಚಾಯಿತಿಯವರು ಅಲ್ಲೇ ಗುಡಿ ಕಟ್ಟೆಯ ಮೇಲೆ ಕೂತು ಕ್ಯಾಂಪ್ ಮಾಡಲು ಅದೇ ಸರಿಯಾದ ಹೊತ್ತು.