ಒಂದು ಹಾಳೆಗೆ 200 ಯೆನ್: ಅನಿಮೆ ಗೆದ್ದರೂ ಚಿತ್ರ ಬಿಡಿಸುವವರ ಕೈ ಖಾಲಿ ಯಾಕೆ?

ಜಪಾನಿನ ಅನಿಮೆ, ಅಂದರೆ ಅನಿಮೇಷನ್ ಚಿತ್ರಗಳ ವಹಿವಾಟು 2023ರಲ್ಲಿ 3 ಲಕ್ಷ ಕೋಟಿ ಯೆನ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಹೊರದೇಶಗಳಿಂದ. ಆದರೂ ಆ ಚಿತ್ರ ಬಿಡಿಸುವ ಹುಡುಗ ಹುಡುಗಿಯರಿಗೆ ಟೋಕಿಯೋದಲ್ಲಿ ಮನೆ ಬಾಡಿಗೆ ಕಟ್ಟುವುದೇ ಕಷ್ಟ. ಇದೆಲ್ಲ ಶುರುವಾಗಿದ್ದು ಎಲ್ಲಿಂದ?

1963ರ ಜನವರಿ 1ರಂದು ಫುಜಿ ಟಿವಿಯಲ್ಲಿ ‘ಆಸ್ಟ್ರೋ ಬಾಯ್’ ಎಂಬ ರೋಬೋಟ್ ಹುಡುಗನ ಅನಿಮೆ ಬಂತು. ವಾರಕ್ಕೊಂದು ಅರ್ಧ ಗಂಟೆಯ ಕಂತು. ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಅವರ ಸ್ಟುಡಿಯೋ ಮುಶಿ ಪ್ರೊಡಕ್ಷನ್ ಅದನ್ನು ತಗಲುವ ಖರ್ಚಿಗಿಂತ ಕಡಿಮೆ ಬೆಲೆಗೆ ಕೊಟ್ಟಿತು. ಸೆಕೆಂಡಿಗೆ 24 ಫ್ರೇಮ್ ಓಡಬೇಕಲ್ಲ, ಒಂದೊಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸಿ 8 ಚಿತ್ರಗಳಲ್ಲೇ ಮುಗಿಸಿದರು. ಮಾತಾಡುವಾಗ ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಹಾರುವ ದೃಶ್ಯಗಳನ್ನು ಎತ್ತಿಟ್ಟು ಮತ್ತೆ ಮತ್ತೆ ಬಳಸಿದರು. ಉಳಿದ ಕೊರತೆಯನ್ನು ಆಟಿಕೆ, ಚಾಕೊಲೇಟ್ ಹಕ್ಕುಗಳಿಂದ ತುಂಬಿಸುವ ಲೆಕ್ಕ. ಮಕ್ಕಳು ಮುಗಿಬಿದ್ದು ನೋಡಿದರು. ಅದೇ ವರ್ಷ ಅದು ಅಮೆರಿಕಕ್ಕೂ ಹೋಯಿತು. ಬೇರೆ ಸ್ಟುಡಿಯೋಗಳೂ ಅದೇ ದಾರಿ ಹಿಡಿದವು, ಅಗ್ಗದ ದರವೇ ರೂಢಿಯಾಯಿತು. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇರಲಿಲ್ಲ. ಹಾಗೆ ಮಾಡದಿದ್ದರೆ ಟಿವಿಗೆ ಅನಿಮೆ ಬರುತ್ತಲೇ ಇರಲಿಲ್ಲವೇನೋ. ಮುಶಿ 1973ರಲ್ಲಿ ದಿವಾಳಿಯಾಯಿತು.

ಆಮೇಲೆ ರೋಬೋಟ್ ಆಟಿಕೆ, ವಿಡಿಯೋ ಕ್ಯಾಸೆಟ್ ಮಾರಾಟದಿಂದ ದುಡ್ಡು ಬಂತು, ಬಿಡಿಸುವ ಕೆಲಸದಲ್ಲಿ ಒಂದಿಷ್ಟು ಕೊರಿಯಾಕ್ಕೆ ಹೊರಗುತ್ತಿಗೆಗೆ ಹೋಯಿತು. 1990ರ ದಶಕದಲ್ಲಿ ‘ಸೇಸಾಕು ಇಂಕಾಯ್’, ಅಂದರೆ ನಿರ್ಮಾಣ ಸಮಿತಿ ಪದ್ಧತಿ ಬೇರೂರಿತು. ಪ್ರಕಾಶಕರು, ಚಾನೆಲ್, ಆಟಿಕೆ ಕಂಪನಿ ಎಲ್ಲ ಸೇರಿ ಬಂಡವಾಳ ಹಾಕುತ್ತಾರೆ. ಸೋತರೆ ನಷ್ಟ ಹಂಚಿಹೋಗುತ್ತದೆ, ಗೆದ್ದರೆ ಲಾಭವೂ ಅವರೊಳಗೇ. ಸಮಿತಿಗೆ ದುಡ್ಡು ಹಾಕದ ಸ್ಟುಡಿಯೋಗೆ ಸಿಗುವುದು ಮೊದಲೇ ಮಾತಾಡಿಕೊಂಡ ಮೊತ್ತ ಅಷ್ಟೇ.

ಆ ಮೊತ್ತದ ಕೊನೆಯ ತುಣುಕು ‘ದೋಗಾ’, ಅಂದರೆ ನಡುವಿನ ಚಿತ್ರಗಳನ್ನು ಬಿಡಿಸುವವರ ಮೇಜಿಗೆ ಬರುತ್ತದೆ. ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಬಿಡಿಸಿರುತ್ತಾರೆ. ಆ ಹಾಳೆಗಳನ್ನು ಕೆಳಗಿನಿಂದ ಬೆಳಕು ಬರುವ ಮೇಜಿನ ಮೇಲೆ ಒಂದರ ಮೇಲೊಂದಿಟ್ಟು, ನಡುವಿನ ಚಲನೆಯನ್ನು ಪೆನ್ಸಿಲಿನಲ್ಲಿ ತುಂಬಬೇಕು. ರೆಪ್ಪೆಯ ಗೆರೆ ಕೂದಲೆಳೆಯಷ್ಟು ಜರುಗಿದರೂ ಚಿತ್ರ ನಡುಗಿದಂತೆ ಕಾಣುತ್ತದೆ, ಮತ್ತೆ ಬಿಡಿಸಬೇಕು. ಒಂದು ಹಾಳೆಗೆ ಸುಮಾರು 200 ಯೆನ್. ತಿಂಗಳಿಗೆ 500 ಹಾಳೆ ಮುಗಿಸಿದರೆ ಒಂದು ಲಕ್ಷ ಯೆನ್. ಹೊಸಬರಿಗೆ 500 ಮುಟ್ಟುವುದೇ ದೊಡ್ಡದು. ಕೆಲಸದ ಮೇಲೆ ಪ್ರೀತಿ ಇದೆ ಅಂತ ಕೂಲಿ ಕಡಿಮೆ ಕೊಡುವುದು ಸರಿಯಲ್ಲ, ಅಲ್ವಾ?

ಬೇರೆ ದಾರಿಯೂ ಇದೆ. ಕ್ಯೋಟೋ ಅನಿಮೇಷನ್ ಎಂಬ ಸ್ಟುಡಿಯೋ ಕಲಾವಿದರಿಗೆ ತಿಂಗಳ ಸಂಬಳ ಕೊಟ್ಟು, ಅನಿಮೆಗೆ ಕಥೆಯಾಗುವ ಕಾದಂಬರಿಗಳನ್ನು ತಾನೇ ಪ್ರಕಟಿಸಿ, ಹಕ್ಕನ್ನೂ ತನ್ನ ಬಳಿ ಉಳಿಸಿಕೊಂಡಿತು. 2024ರಲ್ಲಿ ವಿಶ್ವಸಂಸ್ಥೆಯ ತಜ್ಞರ ತಂಡವೂ ಅನಿಮೆ ಕಲಾವಿದರ ಕಡಿಮೆ ಕೂಲಿಯ ಬಗ್ಗೆ ತನ್ನ ವರದಿಯಲ್ಲಿ ಬರೆಯಿತು. ಎಷ್ಟೋ ಮೇಜುಗಳಲ್ಲಿ ಲೆಕ್ಕ ಇನ್ನೂ ಹಾಳೆಗಿಷ್ಟು ಅಂತಲೇ ನಡೆಯುತ್ತಿದೆ.