ಬ್ರಿಟನ್ನಿನಲ್ಲಿ ನಮ್ಮ ಡಿಎಲ್‌ಗೆ 12 ತಿಂಗಳ ಆಯುಸ್ಸು

"ಸರ್, ನನ್ನ ಕರ್ನಾಟಕದ ಡಿಎಲ್ ಕೊಟ್ಟು ಇಲ್ಲಿನದು ತಗೊಳ್ಳೋಕಾಗುತ್ತಾ?" ಬ್ರಿಟನ್ನಿಗೆ ಬಂದ ಕನ್ನಡಿಗರಿಗೆ ಡ್ರೈವಿಂಗ್ ಹೇಳಿಕೊಡುವ ನನ್ನನ್ನು ಬಹಳ ಜನ ಕೇಳುವುದು ಇದನ್ನೇ. ಆಗುವುದಿಲ್ಲ. ಯಾವ ದೇಶದ ಲೈಸೆನ್ಸ್ ಬದಲಿಸಿಕೊಡಬಹುದು ಅನ್ನುವ ಪಟ್ಟಿ ಇದೆ. ಅದರಲ್ಲಿ ಭಾರತ ಇಲ್ಲ. ಆದರೆ ಯುಎಇ, ಸಿಂಗಪುರ ಇವೆ! ದುಬೈನಲ್ಲಿ ಟೆಸ್ಟ್ ಕೊಟ್ಟು ಪಾಸಾಗಿ ಆಮೇಲೆ ಇಲ್ಲಿಗೆ ಬಂದ ಮಂಗಳೂರಿನವರು, ಲೈಸೆನ್ಸ್ ಚಾಲ್ತಿಯಲ್ಲಿದ್ದರೆ, ನೆಲೆಸಿದ 5 ವರ್ಷದೊಳಗೆ ಬದಲಿಸಿಕೊಳ್ಳಬಹುದು. ಬೆಂಗಳೂರಿಂದ ನೇರ ಬಂದವರು ಮೊದಲಿಂದ ಟೆಸ್ಟ್ ಬರೆಯಬೇಕು.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಮ್ಮ ಡಿಎಲ್‌ನಲ್ಲೇ ಕಾರು ಓಡಿಸಬಹುದು. ಅನೇಕರು ಎಡವುವುದು ಇಲ್ಲೇ. ಕಾರು ಕೊಂಡ ದಿನದಿಂದ ಎಣಿಸುತ್ತಾರೆ, ತಪ್ಪು. ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದರೆ ಗಡುವು ಜಾಸ್ತಿ ಆಗುತ್ತೆ ಅಂದುಕೊಳ್ಳುತ್ತಾರೆ, ಅದೂ ತಪ್ಪು. ವರ್ಷ ಮುಗಿದ ಮರುದಿನದಿಂದ ನೀವು ಕಲಿಯುವವರು. ಕಾರಿಗೆ ಎಲ್ ಬೋರ್ಡ್, ಪಕ್ಕದಲ್ಲಿ 21 ದಾಟಿದ, 3 ವರ್ಷದಿಂದ ಲೈಸೆನ್ಸ್ ಇರುವ ಒಬ್ಬರು ಬೇಕು. ನಿನ್ನೆವರೆಗೆ ಒಬ್ಬರೇ ಮಕ್ಕಳನ್ನು ಸ್ಕೂಲಿಗೆ ಬಿಡುತ್ತಿದ್ದವರ ಫಜೀತಿ ಕೇಳಬೇಡಿ. ಹಾಗೇ ಓಡಿಸಿದರೆ ಇನ್ಶೂರೆನ್ಸ್ ಕೂಡ ಕೈಕೊಡಬಹುದು.

ಹಾಗಾಗಿ ಬಂದ ಮೊದಲ ತಿಂಗಳಲ್ಲೇ ಇಲ್ಲಿನ ಲೈಸೆನ್ಸ್ ಕಚೇರಿಯಾದ ಡಿವಿಎಲ್‌ಎಗೆ ಪ್ರಾವಿಷನಲ್ ಲೈಸೆನ್ಸ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, ಅರ್ಜಿ ಹಾಕಿ. ಅದು ಕೈಗೆ ಬಂದ ಮಾತ್ರಕ್ಕೆ ವರ್ಷದೊಳಗೆ ಎಲ್ ಬೋರ್ಡ್ ಹಾಕಬೇಕಿಲ್ಲ, ಹೆದರಬೇಡಿ. ಆಮೇಲೆ ಥಿಯರಿ ಟೆಸ್ಟ್. ಅದರಲ್ಲಿ 50 ಪ್ರಶ್ನೆ, 43 ಸರಿ ಇರಬೇಕು. ಜೊತೆಗೆ ವಿಡಿಯೊ ನೋಡಿ ಅಪಾಯ ಗುರುತಿಸುವ ಭಾಗ, 75ಕ್ಕೆ 44. ಇದು ಪಾಸಾದ ಮೇಲೇ ರೋಡ್ ಟೆಸ್ಟ್ ಬುಕ್ ಮಾಡಲು ಆಗುವುದು. ಆ ಕ್ಯೂ ತಿಂಗಳುಗಟ್ಟಲೆ ಇರುತ್ತದೆ. ವರ್ಷ ಕರಗುವುದೇ ಹೀಗೆ.

ರೋಡ್ ಟೆಸ್ಟ್ ಸುಮಾರು 40 ನಿಮಿಷ. ಚಿಕ್ಕ ತಪ್ಪು 15ರವರೆಗೆ ನಡೆಯುತ್ತದೆ, ದೊಡ್ಡದು ಒಂದಾದರೂ ಫೇಲ್. ನನ್ನ ಪ್ರಕಾರ ಊರಲ್ಲಿ ಹತ್ತು ವರ್ಷ ಓಡಿಸಿದವರಿಗೆ ಹೊಸಬರಿಗಿಂತ ಇದು ಕಷ್ಟ. ಸಿಲ್ಕ್ ಬೋರ್ಡ್‌ನಲ್ಲಿ ಕಾರಿನ ಮೂತಿ ತೂರಿಸಿದರೇ ಜಾಗ ಸಿಗುವುದು. ಇಲ್ಲಿ ನಿಮ್ಮಿಂದಾಗಿ ಎದುರಿನವನು ಬ್ರೇಕ್ ಒತ್ತಿದರೆ ಕಥೆ ಮುಗೀತು. ಹಾಗಂತ ಗಂಟೆಗೆ 30 ಮೈಲಿ ಮಿತಿಯ ರಸ್ತೆಯಲ್ಲಿ ಸುಮ್ನೆ 20ರಲ್ಲಿ ತೆವಳಿದರೂ ತಪ್ಪು ಬೀಳುತ್ತೆ. ಕನ್ನಡಿ ನೋಡುವುದು, ಆಮೇಲೆ ಇಂಡಿಕೇಟರ್, ಆಮೇಲೆ ತಿರುವು. ನಾವು ಇಂಡಿಕೇಟರ್ ಹಾಕಿಕೊಂಡೇ ತಿರುಗಿಬಿಡುತ್ತೇವೆ, ಅಲ್ವಾ? ತಿರುವಿನಲ್ಲಿ ರಸ್ತೆ ದಾಟಲು ಯಾರಾದರೂ ಕಾದು ನಿಂತಿದ್ದರೆ ಅವರಿಗೆ ದಾರಿ ಬಿಡಬೇಕು. 2022ರಲ್ಲಿ ಹೈವೇ ಕೋಡ್‌ಗೆ, ಅಂದರೆ ಇಲ್ಲಿನ ರಸ್ತೆ ನಿಯಮಗಳ ಪುಸ್ತಕಕ್ಕೆ, ಸೇರಿಸಿದ ನಿಯಮ ಇದು. ಅದಕ್ಕೇ ಹಳಬರಿಗೂ ನಾಲ್ಕಾರು ಕ್ಲಾಸ್ ಬೇಕೇ ಬೇಕು ಅನ್ನುತ್ತೇನೆ.

ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಗೇರ್ ಕಾರು ಓಡಿಸುವಂತಿಲ್ಲ, ಯೋಚಿಸಿ ಬುಕ್ ಮಾಡಿ. ಭಾರತದ ಡಿಎಲ್ ಯಾರಿಗೂ ಒಪ್ಪಿಸಬೇಕಿಲ್ಲ. ಊರಿಗೆ ಹೋದಾಗ ಅದೇ ಬೇಕು, ಅವಧಿ ಮುಗಿಯುವ ಮುಂಚೆ ರಿನ್ಯೂ ಮಾಡಿಸಿಟ್ಟುಕೊಳ್ಳಿ.