ಅಂಗನವಾಡಿಯಲ್ಲಿ ಪಾಠಕ್ಕೆ ಉಳಿಯುವ ಹೊತ್ತು

ಹೊಸನಗರ ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ, ಆಷಾಢದ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ನಾನು ಗಡಿಯಾರ ನೋಡುತ್ತಾ ಮಕ್ಕಳ ಹಿಂದೆ ಕುಳಿತಿದ್ದೆ. ಬಂದಿದ್ದವರು ಒಂಬತ್ತು ಮಕ್ಕಳು. ನಾಲ್ಕು ವರ್ಷದ ಹುಡುಗಿಯೊಬ್ಬಳು ಹಲಸಿನ ಬೀಜಗಳನ್ನು ಎರಡು ಗುಂಪು ಮಾಡಿ, ಒಂದನ್ನು ಮಾತ್ರ ಬೇರೆ ಇಟ್ಟಳು. ಕಾರ್ಯಕರ್ತೆ ಕಾರಣ ಕೇಳಿದಾಗ, "ಇದ್ರಲ್ಲಿ ಮೊಳಕೆ ಬಂದಿದೆ ಟೀಚರ್" ಎಂದಳು. ಮಗುವೊಂದು ವಿಂಗಡಿಸಿ, ಕಾರಣ ಹುಡುಕಿ, ಅದನ್ನು ಮಾತಿಗೆ ತಂದ ಆ ಕ್ಷಣವೇ ಶಾಲಾಪೂರ್ವ ಶಿಕ್ಷಣ. ಮುಂದಿನ ಪ್ರಶ್ನೆ ಕೇಳುವಷ್ಟರಲ್ಲಿ ಬಾಣಂತಿಯೊಬ್ಬರ ಕಡೆಯವರು ಆಹಾರಧಾನ್ಯಕ್ಕಾಗಿ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಧಾನ್ಯ ತೂಗಿ ಕೊಟ್ಟು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ತುಂಬುತ್ತಾ ನೆಟ್‌ವರ್ಕ್ ಹುಡುಕಿಕೊಂಡು ಜಗಲಿಗೆ ಹೋದ ಕಾರ್ಯಕರ್ತೆ ಮರಳುವ ಹೊತ್ತಿಗೆ ಆ ಹುಡುಗಿ ಬೀಜಗಳನ್ನು ಬಿಟ್ಟೆದ್ದಿದ್ದಳು. ಊಟಕ್ಕೆ ಮೊದಲು ಆ ದಿನ ಹಾಡು, ಕಥೆ, ಆಟಗಳಿಗೆಂದು ಸಿಕ್ಕಿದ್ದು ಮೂವತ್ತೈದು ನಿಮಿಷ.

ಮಲೆನಾಡಿನ ಕಾರ್ಯಕರ್ತೆಯರಿಗೆ ಹಲವು ವರ್ಷಗಳಿಂದ ತರಬೇತಿ ನೀಡುತ್ತಿರುವ ನನಗೆ, ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ಹೆಚ್ಚು ಹಣ ಕೊಡಬೇಕೇ ಎಂಬ ಪ್ರಶ್ನೆ ಈ ಮೂವತ್ತೈದು ನಿಮಿಷದಿಂದಲೇ ಆರಂಭವಾಗುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮವು ದಿನಕ್ಕೆ ಕನಿಷ್ಠ ಎರಡು ಗಂಟೆಗಳ ಶಾಲಾಪೂರ್ವ ಶಿಕ್ಷಣವನ್ನು ಬಯಸುತ್ತದೆ. ಆದರೆ 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ ಮತ್ತು ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಮೇಲೆಯೇ ನಿಲ್ಲಿಸಿದೆ. ಇದರ ಮೇಲೆ ಮತದಾರರ ಪಟ್ಟಿಯ ಕೆಲಸ, ಬಗೆಬಗೆಯ ಸಮೀಕ್ಷೆಗಳು. ಶಾಲಾಪೂರ್ವ ಶಿಕ್ಷಣ ಬಿಟ್ಟು ಉಳಿದ ಐದು ಸೇವೆಗಳ ಲೆಕ್ಕವನ್ನು ಮೇಲಿನವರು ಕೇಳುತ್ತಾರೆ. ಕಥೆ ಹೇಳದೆ ಕಳೆದ ದಿನದ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಕಾನೂನಿನಲ್ಲೂ ಈ ವಯಸ್ಸಿನ ಹಿಡಿತ ಸಡಿಲವಾಗಿದೆ. 2002ರ ಸಂವಿಧಾನದ 86ನೇ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿಸಿತು. ಆರು ವರ್ಷದೊಳಗಿನವರನ್ನು 45ನೇ ವಿಧಿಯಡಿ, ಸರ್ಕಾರ ಪ್ರಯತ್ನಿಸಬೇಕಾದ ವಿಷಯವಾಗಿ ಉಳಿಸಿತು. ಆದ್ದರಿಂದ ಅನುದಾನವು ಪ್ರತಿ ವರ್ಷದ ಆಯವ್ಯಯದ ಮರ್ಜಿಯಲ್ಲಿದೆ. 2018ರಲ್ಲಿ ಕೇಂದ್ರವು ಕಾರ್ಯಕರ್ತೆಯರ ಗೌರವಧನವನ್ನು ತಿಂಗಳಿಗೆ 3,000 ರೂಪಾಯಿಯಿಂದ 4,500 ರೂಪಾಯಿಗೆ ಏರಿಸಿತು. ಅದಕ್ಕೆ ರಾಜ್ಯಗಳು ತಮ್ಮ ಕಡೆಯಿಂದ ಸೇರಿಸಿ ಕೊಡುತ್ತವೆ. ಗೌರವಧನ ಎಂಬ ಆ ಹೆಸರೇ ಇದನ್ನು ಸಂಬಳದ ಕೆಲಸವೆಂದು ಒಪ್ಪುವುದಿಲ್ಲ ಎಂಬುದು ನನ್ನ ಬಹುಕಾಲದ ಸಂಕಟ. ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಷ್ಟೇ.

ಹೆಚ್ಚು ಹಣ ಬಂದರೆ ಅದನ್ನು ಎಲ್ಲಿ ಹಾಕಬೇಕು ಎಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ನಡೆದ ಒಂದು ಅಧ್ಯಯನ ಸ್ಪಷ್ಟವಾದ ಉತ್ತರ ಕೊಟ್ಟಿದೆ. ಅಲ್ಲಿ 320 ಅಂಗನವಾಡಿಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಅವುಗಳಲ್ಲಿ ಅರ್ಧದಷ್ಟಕ್ಕೆ, ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನ ದುಡಿಯುವ ಇನ್ನೊಬ್ಬ ಮಹಿಳೆಯನ್ನು ನೇಮಿಸಲಾಯಿತು. ಪಾಠದ ಸಮಯ ದ್ವಿಗುಣವಾಯಿತು. ಭಾಷೆ ಮತ್ತು ಗಣಿತ ಎರಡರಲ್ಲೂ ಮಕ್ಕಳು ಮುಂದೆ ಬಂದರು. ಮೊದಲಿನ ಕಾರ್ಯಕರ್ತೆಗೆ ಆರೋಗ್ಯ ಮತ್ತು ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ, ಆ ಕೇಂದ್ರಗಳಲ್ಲಿ ಕುಂಠಿತ ಬೆಳವಣಿಗೆಯೂ ಕಡಿಮೆಯಾಯಿತು. ಅಮೆರಿಕದ ಮಿಷಿಗನ್‌ನಲ್ಲಿ 1962ರಲ್ಲಿ ಆರಂಭವಾಗಿ, 123 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಪೆರಿ ಎಂಬ ಶಾಲಾಪೂರ್ವ ಶಿಕ್ಷಣದ ಪ್ರಯೋಗದಲ್ಲೂ ಐದಾರು ಮಕ್ಕಳಿಗೆ ಒಬ್ಬ ಶಿಕ್ಷಕಿ ಇದ್ದರು, ಅವರು ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು. ಗೋಡೆಗೆ ಚಿತ್ರ ಬರೆಸುವುದನ್ನೂ ಹೊಸ ಆಟಿಕೆ ಕೊಳ್ಳುವುದನ್ನೂ ನಾನು ವಿರೋಧಿಸುವುದಿಲ್ಲ, ಆದರೆ ಆಡಿಸುವವರಿಗೆ ಬಿಡುವಿಲ್ಲದಿದ್ದರೆ ಆಟಿಕೆಗಳು ಟ್ರಂಕಿನಲ್ಲಿಯೇ ಉಳಿಯುತ್ತವೆ. ಹಾಗೆ ಉಳಿದದ್ದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಮಲೆನಾಡಿಗೆ ಇನ್ನೊಂದು ತೊಡಕಿದೆ. ಗುಡ್ಡಗಾಡಿನಲ್ಲಿ 300ರಿಂದ 800 ಜನರಿಗೆ ಒಂದು ಅಂಗನವಾಡಿ, 150ರಿಂದ 300 ಜನರಿದ್ದರೆ ಒಂದು ಮಿನಿ ಅಂಗನವಾಡಿ ಎಂಬುದು ನಿಯಮ. ತೋಟಕ್ಕೊಂದು, ಗುಡ್ಡಕ್ಕೊಂದು ಮನೆಯಿರುವ ತೀರ್ಥಹಳ್ಳಿ, ಸಾಗರದ ಹಳ್ಳಿಗಳಲ್ಲಿ ಜನಸಂಖ್ಯೆ ಲೆಕ್ಕಕ್ಕೆ ಸರಿಹೋದರೂ ಮೂರು ವರ್ಷದ ಮಗುವಿನ ಕಾಲಿಗೆ ದಾರಿ ಸರಿಹೋಗುವುದಿಲ್ಲ. ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಬೇಕಾದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ತಾಯಂದಿರು ಕಳುಹಿಸುವುದೇ ಇಲ್ಲ. ಅನುಕೂಲವಿದ್ದವರು ಕಾನ್ವೆಂಟಿನ ವ್ಯಾನಿಗೆ ಹತ್ತಿಸುತ್ತಾರೆ. ಅಲ್ಲಿ ಬೆರಳು ಬಲಿಯುವ ಮೊದಲೇ ಪೆನ್ಸಿಲ್ ಹಿಡಿಸುವುದನ್ನು ಗುಣಮಟ್ಟವೆಂದು ನಂಬಿ ಅವರು ತೆರುವ ಶುಲ್ಕ, ಸರ್ಕಾರ ಖರ್ಚು ಮಾಡದೆ ಉಳಿಸಿದ ಹಣದ ಇನ್ನೊಂದು ರೂಪವೆಂದೇ ನನಗೆ ಕಾಣುತ್ತದೆ.

ಎರಡನೆಯ ಶಿಕ್ಷಕಿಯನ್ನು ಮೊದಲು ಇಂಥ ಕೇಂದ್ರಗಳಿಗೆ ಕೊಡಬೇಕು. ಪಿಯುಸಿ ಓದಿ ಊರಿನಲ್ಲೇ ಉಳಿದಿರುವ ಹೆಣ್ಣುಮಕ್ಕಳು ಪ್ರತಿ ಪಂಚಾಯಿತಿಯಲ್ಲೂ ಸಿಗುತ್ತಾರೆ. ಅವರಿಗೆ ತರಬೇತಿ ಕೊಡುವುದು ನಮ್ಮಂಥವರ ಕೆಲಸ. ಅದಕ್ಕೂ ಮೊದಲು, ಹಣವಿಲ್ಲದೆಯೇ ಆಗುವ ಒಂದು ಕೆಲಸವಿದೆ. ಅಂಗನವಾಡಿಯನ್ನು ನೋಡಿಕೊಳ್ಳುವ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಧಾನ್ಯದ ದಾಸ್ತಾನನ್ನು ಓದುವಾಗ, ಆ ತಿಂಗಳು ಮಕ್ಕಳೊಂದಿಗೆ ಕಥೆ ಮತ್ತು ಆಟಕ್ಕೆ ದಿನಕ್ಕೆ ಎಷ್ಟು ಹೊತ್ತು ಸಿಕ್ಕಿತು, ಸಿಗದ ದಿನ ಕಾರ್ಯಕರ್ತೆಯನ್ನು ಯಾವ ಕೆಲಸಕ್ಕೆ ಕರೆಯಲಾಗಿತ್ತು ಎಂಬುದನ್ನೂ ತಾಯಂದಿರು ಕೇಳಿ ನಡಾವಳಿಯಲ್ಲಿ ಬರೆಸಲಿ.